ನಿಮ್ಮ ಪಾಲಿನ ಅಂಟಿನ ಉಂಡಿ

ಪ್ರೀತಿಯ ವೈನಿಗೆ,

ನಿಮ್ಮ ನಾದಿನಿ ಸವಿತಾ ಬರೆಯುತ್ತಿದ್ದೇನೆ. ನೀವು ಹೋಗಿ ವರ್ಷ ತುಂಬುತ್ತ ಬಂತು. ಇಷ್ಟು ದಿನ ಏಕೆ ಬರೆಯಲಿಲ್ಲ ಎಂದರೆ... ಏನಂತ ಬರೆಯಲಿ? ನಾವೆಲ್ಲ ಆರಾಮ ಇದ್ದೇವೆ ಎಂದು ಬರೆದರೆ ನೀವು ನಂಬುವವರಲ್ಲ. ನಾನು ಮೈದಾನದಿಂದ ಬಂದು "ಏನೂ ಆಗಿಲ್ರಿ" ಅಂದಾಗಲೆಲ್ಲ ನನ್ನ ಮುಖ ಬಿಟ್ಟು ಮೊಣಕಾಲು ನೋಡುತ್ತಿದ್ದವರು ನೀವು. ಅದಕ್ಕೇ ಈ ಸಲ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಓದಿ ಬೈಯಬೇಕೆನಿಸಿದರೆ ಬೈಯಿರಿ. ಬದುಕಿದ್ದಾಗ ಒಂದು ಸಲವೂ ಬೈಯಲಿಲ್ಲ, ಅದೇ ನೀವು ಮಾಡಿದ ತಪ್ಪು.

ನಾನು ಮೊದಲ ಸಲ ಕಾಲು ಊದಿಸಿಕೊಂಡು ಬಂದ ದಿನ ನೆನಪಿದೆಯೇ? ಕಾಲೇಜಿನ ಫುಟ್ಬಾಲ್ ತಂಡಕ್ಕೆ ಆಗಷ್ಟೇ ಸೇರಿದ್ದೆ. ದೇಶಪಾಂಡೆ ನಗರದ ನಮ್ಮ ಮಾಳಿಗೆಮನೆಯ ಮೆಟ್ಟಿಲು ಹತ್ತಲಾಗದೆ, ಒಂದೊಂದರ ಮೇಲೂ ಕುಂತು ಕುಂತು ಮೇಲೆ ಬಂದಿದ್ದೆ. ಅವ್ವ, ಅಪ್ಪ ಇಲ್ಲದ ಮನೆ. ನೀವು ಗರಗದಿಂದ ಮದುವೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಹೆಣ್ಣುಮಕ್ಕಳು ಚೆಂಡು ಒದೆಯುವುದನ್ನು ನೀವು ಕಣ್ಣಿಂದ ಕಂಡವರೇ ಅಲ್ಲ. ದಣಿದ ಹೆಣ್ಣುಮೈಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಒಂದೇ ಒಂದು ದಾರಿ ನಿಮಗೆ ಗೊತ್ತಿತ್ತು, ಅದು ಬಾಣಂತನ. ನೀವು ನನಗೆ ಅದನ್ನೇ ಮಾಡಿದಿರಿ. ಬೆಚ್ಚಗಿನ ಎಣ್ಣೆ ಹಚ್ಚಿ ತೊಡೆಯಿಂದ ಪಾದದವರೆಗೆ ತಿಕ್ಕಿ, ಬಚ್ಚಲಿಗೆ ಕರೆದೊಯ್ದು ಕುದಿಯುವಂಥ ನೀರು ಎರೆದಿರಿ. ಕಿವಿಗೆ ಅರಳೆ ತುರುಕಿ, ತಲೆಗೆ ಬಟ್ಟೆ ಕಟ್ಟಿ ಮಲಗಿಸಿದಿರಿ.

"ವೈನಿ, ನಮ್ಮ ಕೋಚ್ ಸರ್ ಬರ್ಫ್ ಇಡಬೇಕಂತ ಹೇಳ್ಯಾರ್ರಿ," ಅಂದೆ.

"ಬರ್ಫಾ? ದಣದ ಕಾಲಿಗೆ?" ಎಂದಿರಿ ನೀವು. "ಅಂವಗೇನ್ ಗೊತ್ತು? ಅಂವಾ ಎಂದರ ಹಡದಾನೇನು?"

ಮರುದಿನ ಕಿವಿಯ ಅರಳೆ ತೆಗೆಯಲು ಮರೆತು ಮೈದಾನಕ್ಕೆ ಹೋಗಿದ್ದೆ. ತಂಡದ ಹುಡುಗಿಯರು ಬಿದ್ದು ಬಿದ್ದು ನಕ್ಕರು, "ಗಂಡೋ ಹೆಣ್ಣೋ?" ಎಂದು ಕೇಳಿದರು. ಆಮೇಲೆ ಅವರೇ ಭಾನುವಾರ ಒಬ್ಬೊಬ್ಬರಾಗಿ ನಮ್ಮ ಮನೆಗೆ ಬರತೊಡಗಿದ್ದು ಬೇರೆ ಮಾತು. ಆಟದಲ್ಲಿ ಪೆಟ್ಟು ತಿಂದು ಊದಿದ ಜಾಗಕ್ಕೆ ಅಲ್ಲೇ ಮೈದಾನದಲ್ಲಿ ಮಂಜುಗಡ್ಡೆ, ಮನೆಗೆ ಬಂದ ಮೇಲೆ ದಣಿದ ಸ್ನಾಯುಗಳಿಗೆ ಎಣ್ಣೆ ಮತ್ತು ಬಿಸಿನೀರು ಎಂದು ನೀವೂ ನಮ್ಮ ಸರ್ ಕೂಡ ಒಬ್ಬರ ಮುಖ ಒಬ್ಬರು ನೋಡದೆಯೇ ರಾಜಿಯಾಗಿಬಿಟ್ಟಿರಿ. ಎಷ್ಟು ಓಡಿಸಿದರು ಎಂದು ಸಂಜೆ ಕೇಳಿ ಅದಕ್ಕೆ ತಕ್ಕಂತೆ ಶೇಂಗಾ ನೆನೆಹಾಕುತ್ತಿದ್ದಿರಿ. ಮಜ್ಜಿಗೆಗೆ ಉಪ್ಪು ಒಂದು ಚಿಟಿಕೆ ಹೆಚ್ಚು ಹಾಕುತ್ತಿದ್ದಿರಿ. ಮುಟ್ಟಿನ ದಿನಗಳಲ್ಲಿ ಹೊಟ್ಟೆ ಹಿಡಿದುಕೊಂಡು ಬಂದರೆ ಏನನ್ನೂ ಕೇಳದೆ ಕೌದಿ ಹಾಸಿಕೊಡುತ್ತಿದ್ದಿರಿ. ಆಮೇಲೆ ಕೋಣೆಯ ಬಾಗಿಲು ಮುಂದೆ ಮಾಡಿ, "ಮಲಗವಾ, ಯಾರೂ ಎಬ್ಬಸಂಗಿಲ್ಲ" ಎನ್ನುತ್ತಿದ್ದಿರಿ.

ಆ ಬಾಗಿಲಿನಾಚೆಯ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಳದ ನೀರು ವಾರಕ್ಕೊಮ್ಮೆ ಬರುವ ಊರು ನಮ್ಮದು. ನಳ ಕೆಳಗೆ, ಮನೆ ಮೇಲೆ. ನೀವು ಕೊಡ ಹೊತ್ತು ಹತ್ತುವುದು, ಬ್ಯಾರಲ್‌ಗೆ ಸುರಿಯುವುದು, ಮತ್ತೆ ಇಳಿಯುವುದು. ನಾನು ಗೋಡೆಗೆ ಕಾಲು ಚಾಚಿಕೊಂಡು ಮಲಗಿದಲ್ಲಿಂದಲೇ "ನಾನೂ ಬರ್ಲೇನ್ರಿ ವೈನಿ?" ಎಂದು ಕೂಗುತ್ತಿದ್ದೆ. ನೀವು "ಬ್ಯಾಡ" ಅನ್ನುತ್ತಿದ್ದಿರಿ. ಬೇಡ ಅನ್ನುತ್ತೀರಿ ಎಂದು ಗೊತ್ತಿದ್ದೇ ಕೂಗುತ್ತಿದ್ದೆನಲ್ಲವೇ? ಕೂಗಿದ ಮೇಲೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ನಿಮ್ಮ ಮಗಳು ಭೂಮಿ ಹುಟ್ಟಿದಾಗ ನೀವು ಬಾಣಂತನಕ್ಕೆ ಗರಗಕ್ಕೆ ಹೋದಿರಿ. ಐದು ತಿಂಗಳು ತವರಲ್ಲಿರಬೇಕಾದವರು ಎರಡೂವರೆ ತಿಂಗಳಿಗೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದುಬಿಟ್ಟಿರಿ. ವಿಶ್ವವಿದ್ಯಾಲಯದ ತಂಡಕ್ಕೆ ನನ್ನ ಆಯ್ಕೆ ಇತ್ತು, ಅಣ್ಣನಿಗೆ ಮೋಟಾರ್ ರಿಪೇರಿ ಅಂಗಡಿ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ, ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ನಿಮ್ಮ ಅವ್ವ ನಿಮ್ಮ ಜೊತೆ ಒಂದು ಡಬ್ಬಿ ಅಂಟಿನ ಉಂಡಿ ಕಟ್ಟಿ ಕಳಿಸಿದ್ದರು. ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ತುಪ್ಪದಲ್ಲಿ ಹುರಿದು ಅರಳಿಸಿದ ಅಂಟು. ಹಡೆದವಳ ಸೊಂಟಕ್ಕೆ ಬಲ ಬರಲಿ ಎಂದು ಕಟ್ಟಿದ ಉಂಡಿ. ನಾನು ಅಭ್ಯಾಸ ಮುಗಿಸಿ ಬಂದ ಕೂಡಲೇ ನೀವು ಅದರಲ್ಲಿ ಒಂದನ್ನು ನನ್ನ ಕೈಗಿಡುತ್ತಿದ್ದಿರಿ. ನೀವು ತಿನ್ನಿರಿ ಎಂದರೆ, "ನನಗ ಸೇರಂಗಿಲ್ಲವಾ ಅದು. ತುಪ್ಪಾ ಮಕಕ್ಕ ಹೊಡೀತದ" ಎನ್ನುತ್ತಿದ್ದಿರಿ. ನಾನು ನಂಬಿದೆ. ತಿಂದೆ. ಡಬ್ಬಿ ಖಾಲಿಯಾಯಿತು, ನನಗೆ ಆಯ್ಕೆಯೂ ಆಯಿತು.

ನಿಮ್ಮ ದಿನಕರ್ಮಕ್ಕೆ ನಿಮ್ಮ ಅವ್ವ ಬಂದಿದ್ದರು. ಗೋಡೆಗೆ ಒರಗಿ ಕುಳಿತು, ಯಾರನ್ನೂ ನೋಡದೆ ಮಾತನಾಡುತ್ತಿದ್ದರು. "ನನ್ನ ಮಗಳಿಗೆ ಅಂಟಿನ ಉಂಡಿ ಅಂದ್ರ ಜೀವ ಇತ್ರಿ. ಸಣ್ಣಾಕಿದ್ದಾಗ ಯಾರದರ ಮನ್ಯಾಗ ಬಾಣಂತಿ ಅದಾರಂದ್ರ ಸಾಕು, ಅಲ್ಲೇ ಹೋಗಿ ಕೂಡತಿದ್ಳು. ಒಂದರ ಕೊಟ್ಟಾರಂತ," ಅಂದರು. ನಾನು ಅವರ ಪಕ್ಕದಲ್ಲೇ ಇದ್ದೆ ವೈನಿ. ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಷ್ಟು ಸಲೀಸಾಗಿ ಸುಳ್ಳು ಹೇಳಲು ನಿಮಗೆ ಯಾರು ಕಲಿಸಿದರು? ಒಂದನ್ನು ಮುರಿದು ಅರ್ಧ ನೀವು ತಿಂದಿದ್ದರೆ ನನ್ನ ಆಟ ಕೆಡುತ್ತಿತ್ತೇ?

ಕೊನೆಯ ತಿಂಗಳುಗಳಲ್ಲಿ ನೀವು ಮೆಟ್ಟಿಲ ನಡುವೆ ನಿಲ್ಲುತ್ತಿದ್ದುದನ್ನು ನಾನು ಕಂಡಿದ್ದೆ. ಒಂದು ಕೈ ಗೋಡೆಗೆ, ಇನ್ನೊಂದು ಕೈಯಲ್ಲಿ ಕೊಡ. "ಒಂದೀಟ ಸುಸ್ತ್ ಆಗೇದವಾ" ಅಂದಿರಿ. ಡಾಕ್ಟರಿಗೆ ತೋರಿಸೋಣ ಎಂದು ನಾನು ಹೇಳಿದೆ, ತೋರಿಸಲಿಲ್ಲ. ನನ್ನ ಕೆಲಸವೇನು ವೈನಿ? ಬೆಳಿಗ್ಗೆ ಹುಡುಗಿಯರ ತಂಡಕ್ಕೆ ಕೋಚ್, ಆಮೇಲೆ ಶಾಲೆಯಲ್ಲಿ ಪಿ.ಟಿ. ಟೀಚರ್. ಮೈದಾನದ ಆ ತುದಿಯಲ್ಲಿ ಒಬ್ಬಳು ಹೆಜ್ಜೆ ಎಳೆದರೆ ಈ ತುದಿಯಿಂದ ಗುರುತಿಸುತ್ತೇನೆ. ಯಾರು ನಿದ್ದೆಗೆಟ್ಟಿದ್ದಾಳೆ, ಯಾರು ಹೊಟ್ಟೆಗೆ ಹಾಕಿಕೊಂಡಿಲ್ಲ ಎಂಬುದನ್ನು ಅವಳು ಚೆಂಡು ಒದೆಯುವ ಮೊದಲೇ ಹೇಳುತ್ತೇನೆ. ಒಂದೇ ಸೂರಿನಡಿ ನಿಮ್ಮ ದಣಿವು ಮಾತ್ರ ಕಾಣಲಿಲ್ಲ. ಕಂಡಿದ್ದರೆ ನಾನು ಎದ್ದು ಕೊಡ ಹೊರಬೇಕಾಗುತ್ತಿತ್ತು. ಅದಕ್ಕೇ ಕಾಣಲಿಲ್ಲವೋ ಏನೋ... ಹೃದಯ ನಿಂತಿತು ಎಂದು ಡಾಕ್ಟರ್ ಹೇಳಿದರು. ನಡುಮನೆಯಲ್ಲಿ ನಿಮ್ಮನ್ನು ಮಲಗಿಸಿದಾಗ, ಹಗಲು ಹೊತ್ತಿನಲ್ಲಿ ನೀವು ಮಲಗಿದ್ದನ್ನು ಇದೇ ಮೊದಲ ಸಲ ನೋಡುತ್ತಿದ್ದೇನೆ ಅನಿಸಿತು.

ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬಂದಿರಬೇಕಲ್ಲ? ಬರಲಿಲ್ಲ. ಈಗ ಹೇಳುವುದನ್ನು ಸ್ವಲ್ಪ ಗಟ್ಟಿ ಮನಸ್ಸು ಮಾಡಿ ಓದಿರಿ. ಭೂಮಿ ಈಗ ನನ್ನ ತಂಡದಲ್ಲೇ ಆಡುತ್ತಾಳೆ. ನಡುಮೈದಾನದಲ್ಲಿ ಅವಳ ಹಾಗೆ ಚೆಂಡು ಹಂಚುವವರು ಸದ್ಯಕ್ಕೆ ಯಾರೂ ಇಲ್ಲ, ಅತ್ತೆಯೆಂದು ಹೇಳುತ್ತಿಲ್ಲ. ರಾಜ್ಯ ತಂಡದ ಆಯ್ಕೆಗೆ ಅವಳ ಹೆಸರು ಕಳಿಸಿದ್ದೆ. ಆದರೆ ತಿಂಗಳಿಂದ ಅವಳ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುತ್ತಿತ್ತು. ಬಿಡುತ್ತಿತ್ತು, ಮತ್ತೆ ಹಿಡಿದುಕೊಳ್ಳುತ್ತಿತ್ತು. "ಅಭ್ಯಾಸ ಮುಗದ ಮ್ಯಾಲೆ ಏನ್ ಮಾಡ್ತಿ?" ಎಂದರೆ, "ಉಂಡು ಮಲಗ್ತೀನಿ ಅತ್ತಿ. ಕಾಲೇಜು ಮಧ್ಯಾಹ್ನ ಅಲ್ಲಾ," ಎನ್ನುತ್ತಿದ್ದಳು. ನಾನು ಮೈದಾನದಿಂದ ನೇರ ಶಾಲೆಗೆ ಹೋಗುವವಳು, ನನಗೇನು ಗೊತ್ತು? ರೊಟ್ಟಿ ಮಾಡಿ ಪಾತ್ರೆ ತಿಕ್ಕಿ ಹೋಗಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದೆವು. ರಾತ್ರಿ ತಾಟಿಗೆ ರೊಟ್ಟಿ ಬೀಳುತ್ತಿತ್ತು, ನಾನು ತಿನ್ನುತ್ತಿದ್ದೆ. ಯಾರು ಬಡಿದದ್ದೆಂದು ಕೇಳುವ ರೂಢಿ ಈ ಮನೆಯಲ್ಲಿ ನನಗೆ ಯಾವತ್ತು ಇತ್ತು?

ಮೂರು ವಾರದ ಹಿಂದೆ ಅಭ್ಯಾಸದಲ್ಲಿ ಅವಳು ಮತ್ತೆ ತೊಡೆ ಹಿಡಿದುಕೊಂಡು ಕುಳಿತಾಗ ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲ ಹುಡುಗಿಯರ ಎದುರಿಗೇ ಝಾಡಿಸಿದೆ. "ಆಡೂದು ಅರ್ಧ ಕೆಲಸ. ಆಡಿದ ಮೈಯನ್ನ ಮತ್ತ ತಯಾರ್ ಮಾಡೂದು ಇನ್ನರ್ಧ. ನಿನಗ ಮಲಗಾಕೂ ಆಲಸ್ಯ ಅಂದ್ರ ಮನ್ಯಾಗ ಇರು," ಅಂದುಬಿಟ್ಟೆ. ಅವಳು ತಲೆ ಬಗ್ಗಿಸಿ ಶೂ ಬಿಚ್ಚಿದಳು. ಒಂದು ಮಾತು ಆಡಲಿಲ್ಲ. ಆ ಮೌನ ಯಾರದೆಂದು ನನಗೆ ಆಗಲೇ ಗುರುತು ಸಿಗಬೇಕಿತ್ತು.

ಅವತ್ತು ಶಾಲೆಗೆ ಹೋದರೆ ದಿಢೀರ್ ರಜೆ ಕೊಟ್ಟಿದ್ದರು. ಮನೆಗೆ ಬಂದೆ. ಮೆಟ್ಟಿಲ ಮೇಲೆಲ್ಲ ನೀರು ಚೆಲ್ಲಿತ್ತು. ಮೇಲಿನಿಂದ ಭೂಮಿ ಖಾಲಿ ಕೊಡ ಹಿಡಿದು ಇಳಿಯುತ್ತಿದ್ದಳು, ತೊಡೆಗೆ ಬಿಗಿದು ಕಟ್ಟಿದ ಪಟ್ಟಿ, ಮೈಮೇಲೆ ಅಭ್ಯಾಸದ ಅದೇ ಜರ್ಸಿ. ಒಳಗೆ ಹಂಚಿನ ಮೇಲೆ ಒಂದು ರೊಟ್ಟಿ ಕರಿಯಾಗುತ್ತಿತ್ತು. ನನ್ನನ್ನು ನೋಡಿ, ಕಳವು ಮಾಡುವಾಗ ಸಿಕ್ಕವಳ ಹಾಗೆ ನಿಂತಳು.

"ಆ ಕೆಲಸದ ಬಾಯಿ ಎಲ್ಲಿ?"

"ಬಿಟ್ಟು ಭಾಳ ದಿನಾ ಆತು ಅತ್ತಿ. ಮಗಳ ಊರಿಗೆ ಹೋದ್ಳು."

"ಹೇಳಬಾರದೇನು?"

"ಏನಂತ ಹೇಳ್ಲಿ? ನೀ ದಣದು ಬರ್ತಿ. ಅಪ್ಪಾನೂ ದಣದು ಬರ್ತಾನ." ಕೊಡವನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದಳು, "ನೀ ಅಂದದ್ದು ಖರೇ ಐತಿ ಅತ್ತಿ. ನಾ ಮನ್ಯಾಗ ಇರ್ತೀನಿ. ಆಟ ಬಿಡ್ತೀನಿ. ಎರಡೂ ಆಗವಲ್ಲದು."

ವೈನಿ, ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ನಿಮ್ಮ ಹಾಗೆಯೇ ಸಮಾಧಾನದಿಂದ ಹೇಳಿದಳು. ಅವಳ ಕೈಯಿಂದ ಕೊಡ ಕಿತ್ತುಕೊಂಡೆ. "ಮೊದಲ ಹೋಗಿ ಮಲಗು" ಅಂದೆ. ಕೆಳಗೆ ನಳ ನಿಲ್ಲುವವರೆಗೆ ನೀರು ಹೊತ್ತೆ. ಈ ಮೆಟ್ಟಿಲು ಹೊತ್ತ ಕೊಡದ ಜೊತೆ ಇಷ್ಟು ಕಡಿದಾಗುತ್ತದೆಂದು ನಲವತ್ತರ ಹತ್ತಿರ ಬಂದ ಮೇಲೆ ಗೊತ್ತಾಯಿತು ನನಗೆ. ನಡುವೆ ಒಂದು ಕಡೆ ಗೋಡೆಗೆ ಕೈ ಕೊಟ್ಟು ನಿಂತೆ. ಗೋಡೆಯ ಸುಣ್ಣ ಅಲ್ಲಿ ಕೈ ತಾಗಿ ತಾಗಿ ಸವೆದಿದೆ. ಅಲ್ಲೇ ಕುಳಿತು ಅತ್ತೆ.

ರಾತ್ರಿ ಅಣ್ಣನಿಗೆ ಎಲ್ಲ ಹೇಳಿದೆ. ಅವನು ಮೊದಲು "ಬ್ಯಾರೆ ಬಾಯಿನ್ನ ನೋಡೂಣು ಬಿಡು" ಅಂದ. ಹಾಗಾದರೆ ಅವಳು ಸಿಗುವವರೆಗೆ? ಅವಳೂ ಬಿಟ್ಟು ಹೋದರೆ? ನನ್ನ ದನಿ ಏರಿತು. ಅಣ್ಣ ಉಗುರಿಗೆ ಮೆತ್ತಿದ ಗ್ರೀಸ್ ಕೆರೆಯುತ್ತ, "ಆಕಿ ಆಟ ಬಿಡೂದು ಬ್ಯಾಡ" ಅಂದ. "ನಿಮ್ಮ ವೈನಿ ಬಿಟ್ಟದ್ದೇನು ಅಂತ ನಾವು ಎಂದೂ ಕೇಳ್ಲೇ ಇಲ್ಲ." ಹೌದಲ್ಲ ವೈನಿ, ನೀವು ಏನೇನು ಬಿಟ್ಟಿರಿ? ನಿಮಗೆ ಏನಾದರೂ ಆಗಬೇಕು ಅನಿಸಿತ್ತೇ? ಇಪ್ಪತ್ತು ವರ್ಷ ಜೊತೆಗಿದ್ದು ನನಗೆ ಗೊತ್ತಿಲ್ಲ.

ಆಯ್ಕೆಗೆ ಈ ಸಲ ಅವಳನ್ನು ಕಳಿಸಲಿಲ್ಲ. ಹರಿದುಹೋಗುವ ಹಂತಕ್ಕೆ ಬಂದ ಸ್ನಾಯುವಿನ ಮೇಲೆ ಓಡಿಸಿದರೆ ಮುಂದೆ ಆಟವೇ ಇರುವುದಿಲ್ಲ. ಅವಳಿಗೆ ಹೇಳಿದಾಗ ಗೋಡೆಯ ಕಡೆ ತಿರುಗಿ ಅತ್ತಳು. ಒಂದು ಅವಕಾಶ ನನ್ನಿಂದಲೇ ತಪ್ಪಿತು, ಅದಕ್ಕೆ ಸಬೂಬು ಇಲ್ಲ. ಆದರೆ ಆಟ ಬಿಡುತ್ತೇನೆಂಬ ಮಾತನ್ನು ಅವಳು ಈಗ ಎತ್ತುತ್ತಿಲ್ಲ. ನಾನು ಬೆಳಗಿನ ರೊಟ್ಟಿ ಕಲಿಯುತ್ತಿದ್ದೇನೆ. ದುಂಡಗೆ ಬರುವುದಿಲ್ಲ, ಅಂಚು ಒಡೆಯುತ್ತದೆ. ನೀರು ಬರುವ ದಿನ ಅಣ್ಣ ಅಂಗಡಿ ತಡವಾಗಿ ತೆರೆಯುತ್ತಾನೆ. ನೀರು ಮೇಲೇರಿಸುವ ಒಂದು ಸಣ್ಣ ಮೋಟಾರ್ ಕೂಡಿಸುತ್ತಾನಂತೆ. ಊರ ಮೋಟಾರ್‌ಗಳನ್ನೆಲ್ಲ ರಿಪೇರಿ ಮಾಡಿದವನಿಗೆ ಇಷ್ಟು ವರ್ಷ ಅದು ಏಕೆ ಹೊಳೆಯಲಿಲ್ಲ ಎಂದು ನಾನು ಕೇಳಲಿಲ್ಲ. ಅವನೇ ಕೇಳಿಕೊಳ್ಳುತ್ತಿದ್ದಾನೆ, ಮುಖದಲ್ಲಿ ಕಾಣುತ್ತದೆ.

ನಿನ್ನೆಯ ಸುದ್ದಿ ಹೇಳಿ ಮುಗಿಸುತ್ತೇನೆ. ಭಾನುವಾರ. ಭೂಮಿಯ ತೊಡೆಗೆ ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಉಣಿಸಿ ಮಲಗಿಸಿದೆ. ಮೊದಲ ದಿನಗಳಲ್ಲಿ ಅವಳು ಪಾತ್ರೆ ಸದ್ದಾದರೆ ಸಾಕು ದಡಬಡಿಸಿ ಏಳುತ್ತಿದ್ದಳು, "ನಾ ಬರ್ಲೇನು?" ಎನ್ನುತ್ತಿದ್ದಳು. ನನ್ನ ಹಾಗೆ ಬಾಯಿಮಾತಿಗಲ್ಲ, ಖರೇನೇ ಏಳುತ್ತಿದ್ದಳು. ನಿನ್ನೆ ಏಳಲಿಲ್ಲ. ಬಾಯಿ ತೆರೆದುಕೊಂಡು, ಒಂದು ಕೈ ಮಂಚದಿಂದ ಇಳಿಬಿಟ್ಟು ಗಾಢ ನಿದ್ದೆ. ನಾಲ್ಕಕ್ಕೆ ಅಣ್ಣ ಬಂದ. ಚಹಾ ಎಂದು ಕೂಗಲು ಬಾಯಿ ತೆಗೆದವನು ಮಗಳನ್ನು ನೋಡಿ ಸುಮ್ಮನಾದ. ತಾನೇ ಮಾಡುತ್ತೇನೆಂದು ಒಳಗೆ ಬಂದ. ನಾನು ಹಾಲಿಟ್ಟೆ, ಅವನು ಚಹಾಪುಡಿಯ ಡಬ್ಬಿ ತೆಗೆದ. ಖಾಲಿ. ಹೊಸ ಪೊಟ್ಟಣ ಎಲ್ಲಿರುತ್ತದೆಂದು ಅವನು ನನ್ನನ್ನು ಕೇಳಿದ, ನಾನು ಅವನನ್ನು ಕೇಳಿದೆ. ಗೋಡೆಯ ಮಾಡು, ಮೂಲೆ, ಹಿಟ್ಟಿನ ಡಬ್ಬಿಗಳ ಹಿಂದೆ, ಎಲ್ಲ ಕಡೆ ಸದ್ದಾಗದ ಹಾಗೆ ಹುಡುಕಿದೆವು. ನಮ್ಮದೇ ಮನೆಯಲ್ಲಿ ಇಬ್ಬರಿಗೂ ಗೊತ್ತಿಲ್ಲ.

"ಭೂಮಿನ್ನ ಒಂದ್ ಮಾತು ಕೇಳ್ಲೇನು?" ಎಂದು ಅಣ್ಣ ಪಿಸುಗುಟ್ಟಿದ.

"ಬ್ಯಾಡ," ಅಂದೆ.

ಅವನು ಒಲೆ ಆರಿಸಿದ. ನಿನ್ನೆ ನಮ್ಮ ಮನೆಯಲ್ಲಿ ಯಾರೂ ಚಹಾ ಕುಡಿಯಲಿಲ್ಲ, ವೈನಿ.

ನಿಮ್ಮ
ಸವಿತಾ