ಕಂಪ್ಯೂಟರಿಗೆ ಸೈಕಲ್ ಕಡ್ಡಿ

ದೊಡ್ಡಪ್ಪ,

ನಿಮ್ಮ ಮಧ್ಯಾಹ್ನದ ನಿದ್ದೆ ಕೆಡಿಸದೆ ಹೊರಟಿದ್ದೇನೆ. ಕಂಪ್ಯೂಟರ್ ಒಮ್ಮೆಯೂ ಬಿಸಿಯಾಗಿ ಆಫ್ ಆಗಲಿಲ್ಲ. ಪ್ರಬಂಧ ಪೂರ್ತಿ ಪ್ರಿಂಟಾಯಿತು. ಕೊಡಲು ಇವತ್ತೇ ಕೊನೆಯ ದಿನ.

ಕಂಪ್ಯೂಟರ್ ತಂಪಾಗಿಡಲು ಅಳತೆ ತಪ್ಪಿದ ಫ್ಯಾನ್ ತರಿಸಿದ್ದು ನಾನು. ನೀವು ಬೈಯಲಿಲ್ಲ. ‘ಟೋಪಿ ದೊಡ್ಡದಾಯ್ತು ಅಂತ ತಲೆ ಬದಲಾಯಿಸೋಕಾಗುತ್ತಾ? ದಾರ ಕಟ್ಟೋಣ’ ಅಂದು, ಸೈಕಲ್ ಕಡ್ಡಿಗಳನ್ನು ಕೊಕ್ಕೆಯಂತೆ ಬಗ್ಗಿಸಿ ಅದನ್ನು ಪ್ರೊಸೆಸರಿನ ಮೇಲೆ ಕೂರಿಸಿದಿರಿ.

ಕಂಪ್ಯೂಟರ್ ಪೆಟ್ಟಿಗೆ ಅಲುಗಾಡಿಸಬೇಡಿ. ಕಡ್ಡಿ ಸಡಿಲವಾದರೆ ನೀವು ಚಕ್ರಕ್ಕೆ ಮಾಡುವ ಹಾಗೆ ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿಸಿ. ಕಾಫಿ ಫ್ಲಾಸ್ಕಿನಲ್ಲಿದೆ.

‘ಮೂಲೇಲಿ ಬಿದ್ದಿದ್ದ ಕಡ್ಡಿ ಕಣೆ’ ಅಂದಿರಲ್ಲ? ಈಗಷ್ಟೇ ನಿಮ್ಮ ಸೈಕಲ್ ನೋಡಿದೆ. ಹಿಂದಿನ ಚಕ್ರದಲ್ಲಿ ನಾಲ್ಕು ಕಡ್ಡಿ ಇಲ್ಲ. ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬಾರದು. ಬರುವಾಗ ನಾಲ್ಕು ಹೊಸ ಕಡ್ಡಿ ತರುತ್ತೇನೆ. ಅಲ್ಲಿಯವರೆಗೆ ಸೈಕಲ್ ಹತ್ತಬೇಡಿ, ನನ್ನಾಣೆ.

ನಿಮ್ಮ ಮೌನಗೌರಿ