ವಿಮಾನಕ್ಕೆ ಬಂದವನಿಗೂ ತಡವಾಗುತ್ತದೆಂದು ಬರೆದುಕೊಡಿ

ಮಾನ್ಯ ವಿಮಾನ-ರೈಲು ಜೋಡಿ ಪ್ರಯಾಣದ ಮೇಲ್ವಿಚಾರಕರೇ,

ವಿಮಾನ ಇಳಿದವರಿಗೆ ರೈಲು ತಪ್ಪದಂತೆ ನೋಡಿಕೊಳ್ಳಲೆಂದೇ ಸರಕಾರ ನಿಮಗೊಂದು ಕುರ್ಚಿ ಕೊಟ್ಟಿದೆ. ಕಳೆದ ವೈಶಾಖದಲ್ಲಿ ನೀವು ಅದರ ಮೇಲಿದ್ದಿರೋ ಇಲ್ಲವೋ ತಿಳಿಯದು; ನಮ್ಮ ರೈಲಂತೂ ನಮ್ಮ ಕಣ್ಣೆದುರೇ ಹೋಯಿತು. ಅದರಿಂದಾಗಿ ನನ್ನ ಒಬ್ಬಳೇ ತಂಗಿ ವನಮಾಲಾಳ ಮದುವೆಗೆ ನಾನು ಹೊತ್ತಿಗೆ ಮುಟ್ಟಲಿಲ್ಲ. ದೂರು ಬರೆದರೆ, "ಪ್ರಯಾಣಿಕರು ಸಾಕಷ್ಟು ಮುಂಚಿತವಾಗಿ ಹೊರಡತಕ್ಕದ್ದು" ಎಂಬ ಉಪದೇಶ ದಯಪಾಲಿಸಿದ್ದೀರಿ. ಆಗಬಹುದು. ಇನ್ನು ಮುಂದೆ ತಂಗಿ ಹುಟ್ಟಿದ ದಿನವೇ ಹೊರಡುತ್ತೇನೆ.

ಮುಂಬಯಿಯ ಗಿರಣಿಯಲ್ಲಿ ಕಾರಕೂನನಾದ ನನಗೆ ರಜೆ ಸಿಕ್ಕಿದ್ದೇ ಮದುವೆಯ ಮುನ್ನಾದಿನದಿಂದ. ಬೆಳಿಗ್ಗೆ ಮುಂಬಯಿ, ಸಂಜೆ ಹುಬ್ಬಳ್ಳಿ ಎಂದು ನೀವು ಗೋಡೆಗೋಡೆಗೆ ಅಂಟಿಸಿದ್ದನ್ನು ನಂಬಿ, ಹುಟ್ಟಿದಾರಭ್ಯ ಮೊದಲ ಬಾರಿಗೆ ವಿಮಾನ ಹತ್ತಿದೆ. ಹತ್ತಿ ಕುಳಿತೇ ಇದ್ದೆ. ಹಾರ ಹಾಕಿಸಿಕೊಳ್ಳುವ ಪೈಕಿಯ ಒಬ್ಬ ಮಹನೀಯರು ಇನ್ನೂ ಬಂದಿರಲಿಲ್ಲವಂತೆ. ಅವರ ಸ್ನಾನವಾಯಿತೋ, ಉಪಾಹಾರವಾಯಿತೋ, ಹೊತ್ತು ನೆತ್ತಿಗೇರಿದ ಮೇಲೆ ನಗುನಗುತ್ತ ಬಂದರು. ನಿಮ್ಮ ಸಿಬ್ಬಂದಿ ಕೈಮುಗಿಯಿತು. ತಡವಾಯಿತೆಂದು ಅವರಿಗೆ ಯಾರೂ ಹೇಳಲಿಲ್ಲ.

ಘಟ್ಟದ ಮೇಲೆ ವಿಮಾನ ಇಳಿದವರು ನಿಮ್ಮ ಮೋಟಾರಿನಲ್ಲಿ ಸ್ಟೇಶನ್ನಿಗೆ ಬಂದಾಗ ಹುಬ್ಬಳ್ಳಿಯ ರೈಲು ನಿಂತೇ ಇತ್ತು. ಪೆಟ್ಟಿಗೆ ಹೊತ್ತು ಓಡಿದೆವು. ನನ್ನ ಜೊತೆ ಓಡುತ್ತಿದ್ದ ಕುಮಟೆಯ ಮುದುಕಿಯೊಬ್ಬರ ಚಪ್ಪಲಿ ಕಿತ್ತುಹೋಯಿತು. ಗೇಟಿನವನು ಚೀಟಿ ನೋಡಬೇಕೆಂದು ತಡೆದ, ನೋಡಿದ, ತಿರುಗಿಸಿ ನೋಡಿದ. ಅಷ್ಟರಲ್ಲಿ ಹಸಿರು ನಿಶಾನೆ ಬೀಸಿದರು. ಒಬ್ಬರಿಗಾಗಿ ಆಕಾಶದ ವಾಹನವನ್ನು ತಡೆಯಬಲ್ಲವರು, ಅದರಿಂದಲೇ ತಡವಾದ ನಮಗಾಗಿ ನೆಲದ ಮೇಲಿನದನ್ನು ಒಂದು ಗಳಿಗೆ ತಡೆಯಲಾರಿರಾ? ಕಾಯುವುದಕ್ಕೂ ಮುಖ ನೋಡಬೇಕೆಂಬ ಕಾಯಿದೆ ಯಾವ ಪುಸ್ತಕದಲ್ಲಿದೆ?

ಮರುದಿನದ ರೈಲು, ಆಮೇಲೆ ಘಟ್ಟ ಇಳಿಯುವ ಬಸ್ಸು, ಕುಮಟೆ, ಹೊನ್ನಾವರ. ನಮ್ಮ ಮನೆ ಶರಾವತಿಯ ಆಚೆ, ಭಟ್ಕಳದ ದಾರಿಯಲ್ಲಿ. ನಾನು ಕಡವಿಗೆ ಬಂದಾಗ ಧಾರೆ ಮುಗಿಸಿಕೊಂಡು ಬಂದ ನೆಂಟರು ದೋಣಿಯಿಂದ ಇಳಿಯುತ್ತಿದ್ದರು.

ನಮ್ಮಲ್ಲಿ ಲಾಜಾಹೋಮದ ಹೊತ್ತಿಗೆ ಮದುಮಗಳ ಬೊಗಸೆಗೆ ಅರಳು ಹಾಕುವವನು ಅವಳ ಒಡಹುಟ್ಟಿದವನು. ತಂದೆ ಇಲ್ಲದ ಅವಳಿಗೆ ಇದ್ದವನು ನಾನೊಬ್ಬನೇ. "ಅಣ್ಣ ಬತ್ತ, ತಡಿರಿ" ಎಂದು ಅವಳು ಬೊಗಸೆ ಹಿಡಿದು ಕುಳಿತಳಂತೆ. ಭಟ್ಟರು ಗದರಿದರಂತೆ. ಮುಹೂರ್ತವೇನು ನಿಮ್ಮ ವಿಮಾನವೇ ಕಾಯಲಿಕ್ಕೆ? ಕೊನೆಗೆ ಚಿಕ್ಕಪ್ಪನ ಮಗ ತ್ರ್ಯಂಬಕ ಅರಳು ಹಾಕಿದ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಸಂಬಂಧ ಕುದುರುವಾಗ, ಹುಡುಗನಿಗೆ ನೌಕರಿಯಿಲ್ಲವಲ್ಲ ಎಂದು ನಾನು ಒಂದು ಮಾತು ಆಡಿದ್ದೆ. ಆಮೇಲೆ ಮನಸಾರೆ ಒಪ್ಪಿದ್ದೆ. ಈಗ ಊರಿಗೆ ಊರೇ ಆ ಒಂದು ಮಾತನ್ನು ಹಿಡಿದುಕೊಂಡು, ನಾನು ಬೇಕೆಂದೇ ತಡಮಾಡಿ ಬಂದೆ ಎನ್ನುತ್ತಿದೆ. ನನ್ನ ಸೋದರಮಾವ ಕೊನೆಯ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಬಸ್ಸಿಗೆ ಬಂದವ್ವೆಲ್ಲ ಮುಟ್ಟಿದ್ದ. ವಿಮಾನಕ್ಕೆ ಬಂದವಂಗೆ ತಡ ಆತಡ." ಪಂಕ್ತಿಯೆಲ್ಲ ನಕ್ಕಿತು. ವಿಮಾನವನ್ನು ತಲೆಯ ಮೇಲೆ ಹಾರುವಾಗ ಮಾತ್ರ ಕಂಡ ನಮ್ಮ ಜನಕ್ಕೆ ಅದು ನೆಲದ ಮೇಲೆ ಎಷ್ಟು ಹೊತ್ತು ಕೂರಬಲ್ಲದೆಂದು ಹೇಗೆ ತಿಳಿಯಬೇಕು? ನಾನು ಎಷ್ಟು ಆಣೆ ಹಾಕಿದರೂ ಯಾರೂ ನಂಬಲಿಲ್ಲ.

ಆದ್ದರಿಂದ ನನ್ನ ಹಕ್ಕೊತ್ತಾಯ ಇದು. ನನಗೆ ಪರಿಹಾರ ಬೇಡ, ವಿಷಾದದ ಅಚ್ಚಿನ ಕಾಗದವೂ ಬೇಡ. ವಿಮಾನ ಯಾರಿಗಾಗಿ ಕಾಯಿತು, ರೈಲು ಯಾರನ್ನು ಬಿಟ್ಟು ಹೋಯಿತು ಎಂಬುದನ್ನು ತಿಳಿಗನ್ನಡದಲ್ಲಿ ಬರೆದು, ಸಹಿ ಮಾಡಿ, ಮೊಹರು ಒತ್ತಿ ನನ್ನ ತಂಗಿಯ ವಿಳಾಸಕ್ಕೆ ಕಳಿಸಿ. ಗಂಡನ ಮನೆಗೆ ಹೊರಟವಳು ನನ್ನ ಕಾಲು ಮುಟ್ಟಿ ಎದ್ದು, ಕಣ್ಣೊರೆಸಿಕೊಂಡು, ನನಗಷ್ಟೇ ಕೇಳುವಂತೆ ಕೇಳಿದ್ದು ಒಂದೇ ಮಾತು: "ಅಣ್ಣಾ, ಈಗಾದ್ರೂ ಸಿಟ್ಟು ಹೋತಾ?"

ಇಂತಿ,
ಮದುವೆಯ ಕೊನೆಯ ಪಂಕ್ತಿಗೆ ಮಾತ್ರ ಒದಗಿದ ಅಣ್ಣ