ಉಪ್ಪನ ಪಿಂಗಾಣಿ ತಟ್ಟೆ

ವಾದಿ ಕಬೀರ್, ಮಸ್ಕತ್
೧೧ ಅಕ್ಟೋಬರ್ ೨೦೨೫, ಶನಿವಾರ

ಪ್ರೀತಿಯ ಉಮ್ಮಾ,

ಅಸ್ಸಲಾಮು ಅಲೈಕುಂ. ನಿಮ್ಮ ಸೊಂಟನೋವು ಹೇಗಿದೆ? ಡಾಕ್ಟರು ಕೊಟ್ಟ ಬೆಲ್ಟನ್ನು ದಿನಾ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲ ಹೊಸದು ಹಾಳಾಗಬಾರದು ಎಂದು ಬೀರುವಿನಲ್ಲಿ ಮಡಚಿ ಇಟ್ಟಿದ್ದೀರೋ? ನನಗೆ ನಿಮ್ಮ ಬುದ್ಧಿ ಗೊತ್ತು. ಫೋನ್ ಇರುವಾಗ ಇವನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ಗಾಬರಿಯಾಗಬೇಡಿ. ಆ ಕಡೆ ತಂಗಿ ಮುಫೀದಾ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದ ಮನೆಯವರಿಗೂ ಕೇಳಿಸುತ್ತಾಳೆ. ಈ ಕಡೆ ಉಪ್ಪ ಕೆಳಗಿನ ಮಂಚದಲ್ಲೇ ಕೂತಿರುತ್ತಾರೆ. ಹಾಗಾದರೆ ನಾನು ನಿಮ್ಮೊಬ್ಬರ ಹತ್ತಿರ ಮಾತಾಡುವುದು ಯಾವಾಗ? ಈಗ ಉಪ್ಪ ಸ್ಪೇರ್‌ಪಾರ್ಟ್ಸ್ ಅಂಗಡಿಯ ಕೆಲಸಕ್ಕೆ ಹೋಗಿದ್ದಾರೆ. ನಮ್ಮ ರೂಮಿನ ಹಿರಿಯರಾದ ಕಿನ್ನಿಗೋಳಿಯ ಸಿಪ್ರಿಯನ್ ಅಂಕಲ್ ನಾಳೆ ರಜೆಯಲ್ಲಿ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಖರ್ಜೂರದ ಪೊಟ್ಟಣದ ಒಳಗಿದೆ ಎಂದು ಅವರೇ ಹೇಳುತ್ತಾರೆ.

ಮಗ ಫಾರಿನ್ನಿನಲ್ಲಿ ಓದುತ್ತಿದ್ದಾನೆ ಎಂದು ನೀವು ಮದುವೆಮನೆಗಳಲ್ಲಿ ಹೇಳಿಕೊಂಡು ಬರುತ್ತೀರಲ್ಲ, ಆ ಫಾರಿನ್ ಹೇಗಿದೆ ಎಂದು ಸರಿಯಾಗಿ ಹೇಳುತ್ತೇನೆ, ಕೇಳಿ. ಒಂದು ರೂಮು, ಅಪ್ಪ ಮಗ ನಾವಿಬ್ಬರೂ ಸೇರಿ ಏಳು ಮಂದಿ. ಉಪ್ಪನ ಮಂಚದ ಮೇಲಿನ ಅಟ್ಟದ ಮಂಚ ನನ್ನದು. ಎದ್ದು ಕೂತರೆ ತಲೆ ಮಾಡಿಗೆ ಬಡಿಯುತ್ತದೆ. ಬೆಳಿಗ್ಗೆ ಗ್ಯಾರೇಜಿನವರ ಕಾರಿನಲ್ಲಿ ಒತ್ತಿಕೊಂಡು ರೂವಿ ಪೇಟೆಗೆ, ಅಲ್ಲಿಂದ ಬಸ್ಸಿನಲ್ಲಿ ಕಾಲೇಜಿಗೆ. ಪುಸ್ತಕಗಳು ಸೀನಿಯರುಗಳದ್ದು, ಲ್ಯಾಪ್‌ಟಾಪ್ ಎರಡನೇ ಕೈಯದು. ಕ್ಲಾಸಿನವರು ನಿಜ್ವಾಕ್ಕೆ ಟೂರ್ ಹೊರಟಾಗ ನನಗೆ ಜ್ವರ, ಸಲಾಲಾಕ್ಕೆ ಹೊರಟಾಗ ಹೊಟ್ಟೆನೋವು. ಇನ್ನೊಂದು ಟೂರ್ ಬಂದರೆ ಯಾವ ಕಾಯಿಲೆ ಹೇಳುವುದೋ ಗೊತ್ತಿಲ್ಲ. ಮೊದಲ ವರ್ಷ ಎಲ್ಲರೂ ಕ್ಯಾಂಟೀನಿನಲ್ಲಿ ಬರ್ಗರ್ ತಿನ್ನುವಾಗ ಬುತ್ತಿ ಬಿಚ್ಚಲು ನಾಚಿಕೆಯಾಗುತ್ತಿತ್ತು. ಈಗ ನಾನು ಮುಚ್ಚಳ ತೆಗೆಯುವ ಮೊದಲೇ ನಾಲ್ಕು ಕೈ ಒಳಗಿರುತ್ತವೆ. ತೆಂಗಿನ ಹಾಲಿನಲ್ಲಿ ಅದ್ದಿದ ನಮ್ಮ ಅಕ್ಕಿರೊಟ್ಟಿ ಪತ್ತಿರ್, ಕೋಳಿ ಸಾರು. ಯಾರು ಮಾಡಿದ್ದು ಎಂದು ಎಲ್ಲರೂ ಕೇಳುತ್ತಾರೆ.

ಉಮ್ಮಾ, ಮಾಡುವುದು ಉಪ್ಪ. ನಗಬೇಡಿ. ರಜೆಯಲ್ಲಿ ಊರಿಗೆ ಬಂದಾಗ ಆ ನಲ್ವತ್ತು ದಿನ ನಾವು ಅವರನ್ನು ಹೇಗೆ ಇಟ್ಟುಕೊಳ್ಳುತ್ತಿದ್ದೆವು, ನೆನಪಿಸಿಕೊಳ್ಳಿ. ಶೋಕೇಸಿನಿಂದ ಚಿನ್ನದ ಅಂಚಿನ ಹೂವಿನ ಪಿಂಗಾಣಿ ತಟ್ಟೆ ಇಳಿಯುತ್ತಿತ್ತು. ನಾನೋ ಮುಫೀದಾಳೋ ಅದನ್ನು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ಅವರು ನೀರಿಗೆ ಕೈ ಚಾಚುವ ಮೊದಲೇ ನೀವು ಲೋಟ ತುಂಬುತ್ತಿದ್ದಿರಿ. ಅಡುಗೆಮನೆಯ ಹೊಸ್ತಿಲು ದಾಟಿದರೆ "ನೀವು ಅಲ್ಲಿ ಕೂತ್ಕೊಳ್ಳಿ" ಎಂದು ಕಳಿಸುತ್ತಿದ್ದಿರಿ. ಅದೇ ಮನುಷ್ಯ ಇಲ್ಲಿ ಲುಂಗಿ ಎತ್ತಿ ಕಟ್ಟಿ, ಖಾಲಿ ಬಾಟಲಿಯಲ್ಲಿ ಪತ್ತಿರ್ ಲಟ್ಟಿಸುವುದನ್ನು ನೀವು ನೋಡಬೇಕು, ಅಷ್ಟು ತೆಳ್ಳಗೆ, ಅಷ್ಟು ದುಂಡಗೆ. "ಊರಲ್ಲಿ ಹೇಳ್ಬೇಡ, ನಿನ್ನ ಉಮ್ಮ ಮರುಗ್ತಾಳೆ" ಎಂದು ಮೊದಲ ವಾರವೇ ನನ್ನ ಬಾಯಿ ಕಟ್ಟಿದ್ದರು. ಇಂದು ಆ ಮಾತು ಮುರಿದೆ.

ಮುರಿಯಲು ಕಾರಣವಿದೆ. ಉಪ್ಪನ ವೀಸಾ ಈ ತಿಂಗಳಿಗೆ ಮುಗಿಯುತ್ತದೆ. ಇನ್ನೆರಡು ವರ್ಷಕ್ಕೆ ಸಹಿ ಹಾಕಬೇಕು, ಇಲ್ಲವೇ ಕೆಲಸ ಖಲಾಸ್ ಮಾಡಿ ಊರಿಗೆ ಹೊರಡಬೇಕು. ದಿನವಿಡೀ ಕೌಂಟರಿನಲ್ಲಿ ನಿಂತು ಅವರ ಮಂಡಿ ಊದಿಕೊಂಡಿದೆ; ಇದನ್ನೂ ನಿಮಗೆ ಹೇಳಿರಲಿಕ್ಕಿಲ್ಲ. ಆದರೂ ಸಹಿ ಹಾಕಲು ಹೊರಟಿದ್ದರು, ನನಗಾಗಿ. ಉಳಿದ ಫೀಸಿಗೆ ಕೆಲಸ ಬಿಟ್ಟಾಗ ಸಿಗುವ ಅವರ ಸರ್ವಿಸಿನ ದುಡ್ಡು ಸಾಕಾಗುತ್ತದೆ, ನನ್ನ ಊಟಕ್ಕೂ ಮಂಚಕ್ಕೂ ಸಾಲದು. ಆಗ ಸಿಪ್ರಿಯನ್ ಅಂಕಲ್ ಉಪ್ಪನಿಗೆ ಹೇಳಿದರು, "ಹಂಝಾಕ, ನೀವು ಹೋಗಿ. ರೂಮಿನ ಅಡುಗೆ ಇವ ಮಾಡಲಿ, ಇವನ ಊಟ, ಮಂಚ ನಮ್ಗೆ ಬಿಡಿ." ಉಪ್ಪ ಉರಿದು ಬಿದ್ದರು. "ಓದುವವನ ಕೈಗೆ ಸೌಟು ಕೊಡುದಾ? ಆಗುದಿಲ್ಲ." ನಾನೂ ಹಠ ಹಿಡಿದೆ. ಕೊನೆಗೆ, ಒಂದು ಶುಕ್ರವಾರ ನಾನೊಬ್ಬನೇ ಏಳು ಮಂದಿಗೆ ಬಿರಿಯಾನಿ ಮಾಡಿ ಬಡಿಸಬೇಕು, ಆಮೇಲೆ ಮಾತು ಎಂದಾಯಿತು.

ಎರಡು ವರ್ಷ ಉಪ್ಪನ ಅಡುಗೆ ತಿಂದೆನೇ ಹೊರತು ಒಂದು ದಿನವೂ ಬಗ್ಗಿ ನೋಡಿದವನಲ್ಲ. ನನಗೆ ಅನ್ನ ಎಂದರೆ ನಿಮ್ಮ ಕುಚ್ಚಲಕ್ಕಿ ಅನ್ನ. ಅದೇ ಲೆಕ್ಕದಲ್ಲಿ ಬಾಸುಮತಿಗೂ ಕುಕ್ಕರ್ ತುಂಬ ನೀರಿಟ್ಟು ಎಂಟು ಸೀಟಿ ಕೂಗಿಸಿದೆ. ಜುಮಾ ನಮಾಝ್ ಮುಗಿಸಿ ಹಸಿದು ಬಂದವರ ಮುಂದೆ ಮುಚ್ಚಳ ತೆಗೆದರೆ ಕೋಳಿ ಹಾಕಿದ ಗಂಜಿ! ಸಿಪ್ರಿಯನ್ ಅಂಕಲ್ ಉಪ್ಪಿನಕಾಯಿ ಭರಣಿ ತಂದು, "ಗಂಜಿಗೆ ಇದೇ ಒಳ್ಳೇದು ಮಾರಾಯ" ಎಂದು ಉಣ್ಣಲು ಕೂತರು. ಉಪ್ಪ ಎರಡನೇ ಸಲ ಹಾಕಿಸಿಕೊಂಡರು. ನಾನು ಬಚ್ಚಲಿಗೆ ಹೋಗಿ ಅತ್ತೆ, ಉಮ್ಮಾ. ಅನ್ನ ಕೆಟ್ಟದ್ದಕ್ಕಲ್ಲ, ನನ್ನ ಎಂಟು ಸೀಟಿಗೆ ಅವರು ಇನ್ನೆರಡು ವರ್ಷ ನಿಲ್ಲಬೇಕಾಯಿತಲ್ಲ ಎಂದು.

ಮರುದಿನ ಸಂಜೆ ಅಂಗಡಿಯಿಂದ ಬಂದವರೇ ಉಪ್ಪ ಸೌಟನ್ನು ನನ್ನ ಕೈಗೆ ಕೊಟ್ಟರು. "ನೋಡು, ನೀರು ಬೆರಳಿನ ಒಂದು ಗೆಣ್ಣು ಮಾತ್ರ" ಎಂದರು. ಆ ವಾರವಿಡೀ ನಾವಿಬ್ಬರೂ ಒಲೆಯ ಮುಂದೆ ನಿಂತೆವು. ಊರಿನಲ್ಲಿದ್ದ ಹದಿನೆಂಟು ವರ್ಷದಲ್ಲಿ ನಾನು ಉಪ್ಪನ ಜೊತೆ ಆಡದಷ್ಟು ಮಾತು ಆ ಒಂದು ವಾರದಲ್ಲಿ ಆಡಿದೆ. ನಿನ್ನೆ ಶುಕ್ರವಾರ ಮತ್ತೆ ಬಿರಿಯಾನಿ ಮಾಡಿದೆ. ಅಕ್ಕಿ ಒಂದಕ್ಕೊಂದು ಅಂಟಲಿಲ್ಲ, ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ. ಊಟವಾದ ಮೇಲೆ ಉಪ್ಪ ಕೈ ತೊಳೆದು ಅಂಗಿ ಹಾಕಿಕೊಂಡು ವೀಸಾ ಕೊಟ್ಟ ಮಾಲೀಕ ಕಫೀಲನ ಮನೆಗೆ ಹೋಗಿ ಖಲಾಸಿನ ಕಾಗದಕ್ಕೆ ಸಹಿ ಹಾಕಿ ಬಂದರು. ಈ ತಿಂಗಳ ಮೂವತ್ತಕ್ಕೆ ಟಿಕೆಟ್. ರಜೆಗೆ ಎಂದು ನಿಮಗೆ ಹೇಳುತ್ತಾರೆ; ನಂಬಿದ ಹಾಗೆ ಮಾಡಿ. ಇಪ್ಪತ್ತೆಂಟು ವರ್ಷದ ಮೇಲೆ ಅವರು ಮನೆಗೇ ಬರುತ್ತಿದ್ದಾರೆ.

ನನ್ನ ಚಿಂತೆ ಬೇಡ. ಓದುತ್ತೇನೆ, ಉಣ್ಣುತ್ತೇನೆ, ಉಳಿದ ಐದು ಮಂದಿಗೆ ಉಣಿಸುತ್ತೇನೆ. ಮುಫೀದಾಳಿಗೆ ನನ್ನ ಪ್ರೀತಿ ಹೇಳಿ, ಕಾಗದ ಮಾತ್ರ ಕೊಡಬೇಡಿ. ನಮಾಝಿನ ನಂತರ ನಮ್ಮಿಬ್ಬರಿಗೂ ದುಆ ಮಾಡಿ.

ನಿಮ್ಮ ಮುದ್ದಿನ ಮಗ,
ತಮೀಮ್

ತಾ.ಕ.: ಸಿಪ್ರಿಯನ್ ಅಂಕಲ್ ಪೆಟ್ಟಿಗೆಗೆ ಟೇಪು ಸುತ್ತುತ್ತಾ ಅವಸರ ಮಾಡುತ್ತಿದ್ದಾರೆ, ಮುಖ್ಯ ವಿಷಯವೇ ಉಳಿಯಿತು. ನಿನ್ನೆ ಸಹಿ ಹಾಕಿ ಬಂದ ಮೇಲೆ ಉಪ್ಪ ನನ್ನ ಹತ್ತಿರ, "ನಲ್ವತ್ತು ದಿನ ಕಳೆದ ಮೇಲೆ ನಾನು ಅಲ್ಲಿ ಎಂತ ಮಾಡುದು ತಮೀಮ್?" ಎಂದು ಕೇಳಿದರು. ಅವರಿಗೆ ಹೆದರಿಕೆಯಾಗಿದೆ, ಉಮ್ಮಾ. ಆ ಹೂವಿನ ತಟ್ಟೆ ಇಳಿಸಬೇಡಿ, ನಮ್ಮೆಲ್ಲರ ಸ್ಟೀಲಿನ ತಟ್ಟೆಯಲ್ಲೇ ಬಡಿಸಿ. ಅವರು ಬಂದ ಮರುದಿನ ಬೆಳಿಗ್ಗೆ ಸೊಂಟ ನೋಯುತ್ತದೆ ಎಂದು ಮಲಗಿಬಿಡಿ. ಯಾವ ಡಬ್ಬಿ ಎಲ್ಲಿದೆ ಎಂದು ಅವರಿಗೆ ಗೊತ್ತಿಲ್ಲ, ಅಡುಗೆಮನೆಯಿಂದ ಕೂಗಿ ಕೇಳುತ್ತಾರೆ. ಮಲಗಿದಲ್ಲಿಂದಲೇ ಹೇಳಿ, ಏಳಬೇಡಿ.